ಕೂತು ಓಡಿಸುವ ಲಾನ್ ಮೂವರ್ ಈಗ ತಗೊಳ್ಳಬಹುದಾ? ಕಾಂಟ್ರಾಕ್ಟರ್ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ (ಲಾನ್ ಕಾಂಟ್ರಾಕ್ಟರ್, ದೇವನಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಾನು ಲಾನ್ ಮತ್ತು ಗಾರ್ಡನ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಈಗ ಕೈಯಲ್ಲಿ ಒಟ್ಟು 9 ಎಕರೆ ಹುಲ್ಲು ಇದೆ. ಕಾಲೇಜು ಮೈದಾನ 4 ಎಕರೆ, ಒಂದು ಕಾರ್ಖಾನೆಯ ಮುಂದಿನ ಲಾನ್ 2 ಎಕರೆ. ಉಳಿದ 3 ಎಕರೆ ಎರಡು ವಿಲ್ಲಾ ಲೇಔಟ್‌ಗಳ ಪಾರ್ಕು ಮತ್ತು ರಸ್ತೆ ಬದಿ.

ಹಿಂದೆ ನಡೆದುಕೊಂಡು ಹೋಗುವ 19 ಇಂಚಿನ ಪೆಟ್ರೋಲ್ ಮೂವರ್ ಎರಡು, ಬ್ರಷ್ ಕಟರ್ ಮೂರು ಇವೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆಗಾಲದಲ್ಲಿ ಒಂದು ಕಡೆ ಕತ್ತರಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಮೊಣಕಾಲುದ್ದ ಬೆಳೆದಿರುತ್ತದೆ. ಹುಡುಗರು ಸುಸ್ತಾಗಿ ಕೆಲಸ ಬಿಡುತ್ತಿದ್ದಾರೆ.

ಒಬ್ಬ ಡೀಲರ್ 42 ಇಂಚಿನ ಟ್ರ್ಯಾಕ್ಟರ್ ಮಾದರಿ ತೋರಿಸಿದರು. ಇನ್ನೊಬ್ಬರು 48 ಇಂಚಿನ ಜೀರೋ ಟರ್ನ್ (ನಿಂತಲ್ಲೇ ತಿರುಗುವ ಬಗೆ) ತಗೊಳ್ಳಿ, ಹಳೆಯ ಎರಡು ಮೂವರ್ ಎಕ್ಸ್‌ಚೇಂಜ್‌ಗೆ ಕೊಡಿ ಅಂತಾರೆ. ಯಾವುದು ಒಳ್ಳೆಯದು? ಗೊತ್ತಿರುವವರು ಹೇಳಿ ಅಣ್ಣ.

ಉತ್ತರ (ಗಾರ್ಡನ್ ಮಷಿನ್ ಮೆಕ್ಯಾನಿಕ್)

ಮೊದಲನೇ ಮಾತು, ಹಳೆಯ ಮೂವರ್ ಎರಡನ್ನೂ ಕೊಡಬೇಡಿ. ಕಾರಣ ಹೇಳುತ್ತೇನೆ.

ನೀವು 9 ಎಕರೆ ಅಂತ ಲೆಕ್ಕ ಹಾಕುತ್ತಿದ್ದೀರಿ. ಕೂತು ಓಡಿಸುವ ಮಷಿನ್‌ಗೆ ಆ ಲೆಕ್ಕ ಬೇಡ. ಮಷಿನ್ ಒಳಗೆ ಹೋಗಿ, ತಿರುಗಿ, ಸಲೀಸಾಗಿ ಓಡುವ ಜಾಗ ಎಷ್ಟು ಅನ್ನುವುದು ಮಾತ್ರ ಲೆಕ್ಕ. ಕಾಲೇಜು ಮೈದಾನ ಪೂರ್ತಿ ಸಿಗುತ್ತದೆ. ಕಾರ್ಖಾನೆಯಲ್ಲಿ ಮರ, ಬೆಂಚು, ಇಳಿಜಾರು ಬಿಟ್ಟರೆ ಒಂದೂವರೆ ಎಕರೆ ಸಿಗಬಹುದು. ಲೇಔಟ್ ಪಾರ್ಕ್‌ಗಳ ಗೇಟು ಸಾಮಾನ್ಯವಾಗಿ ಮೂರು ಮೂರೂವರೆ ಅಡಿ ಇರುತ್ತದೆ. 42 ಇಂಚು ಅಂದರೆ ಬ್ಲೇಡ್ ಕತ್ತರಿಸುವ ಅಗಲ ಮಾತ್ರ. ಪಕ್ಕಕ್ಕೆ ಹುಲ್ಲು ಎಸೆಯುವ ಬಾಯಿ ಸೇರಿಸಿದರೆ ನಾಲ್ಕು ಅಡಿ ದಾಟುತ್ತದೆ. ಅಲ್ಲಿಗೆ ಹಳೆಯ ಮೂವರ್‌ಗಳೇ ಗತಿ. ಆದ್ದರಿಂದ ನಿಮಗೆ ಇರುವುದು ಐದೂವರೆ ಎಕರೆಯ ಕೆಲಸ.

ಈಗ ವೇಗ ನೋಡಿ. 42 ಇಂಚಿನಲ್ಲಿ ಒಂದರ ಮೇಲೊಂದು ಸಾಲು ಬರಲು ನಾಲ್ಕು ಇಂಚು ಬಿಡಬೇಕು. ಗಂಟೆಗೆ 6 ಕಿಲೋಮೀಟರ್ ಓಡಿಸಿ, ತಿರುವಿನ ಸಮಯ ಕಳೆದರೆ, ಗಂಟೆಗೆ ಒಂದು ಎಕರೆ ಆಗುತ್ತದೆ. ನಿಮ್ಮ 19 ಇಂಚಿನದು ಅದೇ ಗಂಟೆಯಲ್ಲಿ ಕಾಲು ಎಕರೆ, ಅಥವಾ ಸ್ವಲ್ಪ ಮೇಲೆ. ಮೈದಾನಕ್ಕೆ ಒಬ್ಬ ಹುಡುಗನ ಎರಡು ದಿನ ಹೋಗುವ ಕಡೆ ಅರ್ಧ ದಿನ ಸಾಕು. ಆದರೆ ಪೆಟ್ರೋಲ್ ಉಳಿಯುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಎಂಜಿನ್ ಗಂಟೆಗೆ 3 ಲೀಟರ್ ಆಸುಪಾಸು ಕುಡಿಯುತ್ತದೆ. ಚಿಕ್ಕದು ನಾಲ್ಕು ಗಂಟೆ ಓಡಿದರೂ ಹೆಚ್ಚುಕಮ್ಮಿ ಅಷ್ಟೇ. ಉಳಿಯುವುದು ಆಳಿನ ಸಮಯ. ಆ ಉಳಿದ ಸಮಯಕ್ಕೆ ನಿಮ್ಮ ಬಳಿ ಬೇರೆ ಕೆಲಸ ಇದ್ದರೆ ಮಷಿನ್ ತನ್ನ ಕಂತನ್ನು ತಾನೇ ಕಟ್ಟುತ್ತದೆ. ಇಲ್ಲದಿದ್ದರೆ ಕಷ್ಟ.

ಟ್ರ್ಯಾಕ್ಟರ್ ಮಾದರಿಯೋ ಜೀರೋ ಟರ್ನೋ ಅನ್ನುವುದು ಇಳಿಜಾರಿನ ಮೇಲೆ ನಿಂತಿದೆ. ಜೀರೋ ಟರ್ನ್ ನಿಂತಲ್ಲೇ ತಿರುಗುತ್ತದೆ, ಮರಗಳ ನಡುವೆ ತುಂಬ ಸಮಯ ಉಳಿಸುತ್ತದೆ. ಆದರೆ ಹೆಚ್ಚಿನ ಮಾಡೆಲ್‌ಗಳಲ್ಲಿ ಅದರ ಮುಂದಿನ ಚಕ್ರಗಳಿಗೆ ಸ್ಟಿಯರಿಂಗ್ ಇರುವುದಿಲ್ಲ. ಹಿಂದಿನ ಎರಡು ಚಕ್ರಗಳ ಹಿಡಿತದಲ್ಲೇ ಎಲ್ಲ ನಡೆಯಬೇಕು. ಒದ್ದೆ ಇಳಿಜಾರಿನಲ್ಲಿ ಆ ಹಿಡಿತ ತಪ್ಪಿದರೆ ಮಷಿನ್ ಸುಮ್ನೆ ಜಾರುತ್ತಾ ಹೋಗುತ್ತದೆ, ಓಡಿಸುವವನ ಕೈಯಲ್ಲಿ ಏನೂ ಇರುವುದಿಲ್ಲ. ಮಳೆಗಾಲದಲ್ಲೇ ನಿಮಗೆ ಮಷಿನ್ ಬೇಕಾಗಿರುವುದು, ಅಲ್ವಾ? ಜೊತೆಗೆ ಹೊಸಬ ಓಡಿಸಿದರೆ ಒದ್ದೆ ನೆಲದಲ್ಲಿ ತಿರುಗಿಸಿದ ಕಡೆಯೆಲ್ಲ ಹುಲ್ಲು ಬೇರು ಸಮೇತ ಕಿತ್ತು ಬರುತ್ತದೆ. ಆದ್ದರಿಂದ ನಿಮಗೆ 42 ಇಂಚಿನ ಟ್ರ್ಯಾಕ್ಟರ್ ಮಾದರಿಯೇ ಸರಿ. ಇನ್ನೊಂದು ಬಗೆಯಲ್ಲಿ ಡೆಕ್ (ಬ್ಲೇಡ್ ಮೇಲಿನ ತಗಡಿನ ಕವಚ) ಮುಂದೆ ಇದ್ದು ಹಿಂದಿನ ಚಕ್ರ ತಿರುಗುತ್ತದೆ. ಬೆಂಚು, ಪೊದೆ ಕೆಳಗೆ ಕತ್ತರಿಸಲು ಅದು ಬಹಳ ಚೆನ್ನಾಗಿದೆ. ಬೆಲೆ ಜಾಸ್ತಿ.

ಇನ್ನು ಡೀಲರ್ ಹತ್ತಿರ ಕೂತು ಕೇಳಬೇಕಾದ ವಿಷಯ. ಟ್ರ್ಯಾಕ್ಟರ್ ಮಾದರಿಗಳಲ್ಲಿ ಹೆಚ್ಚಿನವು ಮನೆಬಳಕೆಗೆ ಮಾಡಿದವು. ನಿಮ್ಮದು ವ್ಯಾಪಾರದ ಬಳಕೆ. ಎಷ್ಟೋ ಕಂಪನಿಗಳು ವ್ಯಾಪಾರಕ್ಕೆ ಬಳಸಿದರೆ ವಾರಂಟಿಯನ್ನು ಕೆಲವೇ ತಿಂಗಳಿಗೆ ಇಳಿಸುತ್ತವೆ. ವಾರಂಟಿ ಕಾಗದದಲ್ಲಿ ಅದನ್ನು ಓದಿಯೇ ಸಹಿ ಹಾಕಿ. ಡೆಕ್ ತಗಡು ಎಷ್ಟು ದಪ್ಪ ಕೇಳಿ. 13 ಗೇಜ್ ಅಂದರೆ 2.3 ಮಿಲಿಮೀಟರ್, 10 ಗೇಜ್ ಅಂದರೆ 3.4. ಗೇಜ್ ಸಂಖ್ಯೆ ಕಮ್ಮಿಯಾದಷ್ಟೂ ತಗಡು ದಪ್ಪ. ನಮ್ಮ ಮೈದಾನಗಳಲ್ಲಿ ಜಲ್ಲಿ ಕಲ್ಲು ಇದ್ದೇ ಇರುತ್ತದೆ, ತೆಳು ಡೆಕ್ ಬೇಗ ಸೊಟ್ಟಗಾಗುತ್ತದೆ. ಆಮೇಲೆ ಬೆಲ್ಟು, ಸ್ಪಿಂಡಲ್ (ಬ್ಲೇಡ್ ತಿರುಗಿಸುವ ದಂಡ), ಬ್ಲೇಡು ಅವರ ಗೋಡೌನ್‌ನಲ್ಲಿ ಈಗಲೇ ಇದೆಯಾ ಅಂತ ಕಣ್ಣಿಂದ ನೋಡಿ. ತರಿಸಿಕೊಡುತ್ತೇವೆ ಅಂದರೆ ಸಾಲದು. ಜುಲೈನಲ್ಲಿ ಒಂದು ಬೆಲ್ಟ್‌ಗಾಗಿ ಮೂರು ವಾರ ಮಷಿನ್ ನಿಂತರೆ ಕಾಂಟ್ರಾಕ್ಟೇ ಕೈ ಬಿಡುತ್ತದೆ. ಎರಡು ಹಾರ್ಸ್‌ಪವರ್ ಜಾಸ್ತಿ ಇರುವ ಮಷಿನ್‌ಗಿಂತ ಸ್ಪೇರ್ ಸಿಗುವ ಮಷಿನ್ ಮೇಲು.

ಮರುಪ್ರಶ್ನೆ (ಕಾಂಟ್ರಾಕ್ಟರ್)

ತುಂಬಾ ಥ್ಯಾಂಕ್ಸ್ ಅಣ್ಣ. ಕಾರ್ಖಾನೆ ಗೇಟಿನ ಹತ್ತಿರ ಇಳಿಜಾರು ಇದೆ. ಟೇಪ್ ಹಿಡಿದು ನೋಡಿದೆ. ಮಟ್ಟಕ್ಕೆ 10 ಅಡಿ ಹೋದರೆ 3 ಅಡಿ ಏರುತ್ತದೆ. ಅಲ್ಲಿ ಓಡಿಸಬಹುದಾ? ಇನ್ನೊಂದು, ನಮ್ಮ ಕಡೆ ಎಲ್ಲ ಮೆಕ್ಸಿಕನ್ ಗ್ರಾಸ್, ಮೈದಾನದಲ್ಲಿ ಮಾತ್ರ ಗರಿಕೆ. ತೊಂದರೆ ಇಲ್ವಾ?

ಉತ್ತರ

ಓಡಿಸಬೇಡಿ. ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಮಿತಿ 15 ಡಿಗ್ರಿ, ಕೆಲವದರಲ್ಲಿ 10. ಹದಿನೈದು ಡಿಗ್ರಿ ಅಂದರೆ 10 ಅಡಿಗೆ 2.7 ಅಡಿ ಏರು. ನಿಮ್ಮದು ಅದನ್ನು ದಾಟಿದೆ. ಅಲ್ಲಿ ಬ್ರಷ್ ಕಟರ್ ಸಾಕು. ಮಿತಿಯೊಳಗಿನ ಇಳಿಜಾರಿನಲ್ಲಿ ಕೂತು ಓಡಿಸುವುದನ್ನು ಮೇಲೆ ಕೆಳಗೆ ನೇರವಾಗಿ ಓಡಿಸಬೇಕು, ಅಡ್ಡಡ್ಡ ಅಲ್ಲ. ನಡೆದುಕೊಂಡು ಹೋಗುವ ಮೂವರ್‌ಗೆ ಇದು ಉಲ್ಟಾ, ಅದನ್ನು ಅಡ್ಡ ಓಡಿಸಬೇಕು. ಕಾಲು ಜಾರಿದರೆ ಪಾದ ಬ್ಲೇಡ್ ಕೆಳಗೆ ಹೋಗಬಾರದು ಅಂತ. ಹುಡುಗರಿಗೆ ಇದನ್ನು ನಿಲ್ಲಿಸಿ ಹೇಳಿ.

ಗರಿಕೆ ಸುಲಭ. ಮೆಕ್ಸಿಕನ್ ಗ್ರಾಸ್ ಗಟ್ಟಿ, ಬ್ಲೇಡ್ ಬೇಗ ಮೊಂಡಾಗುತ್ತದೆ. ದಟ್ಟವಾಗಿ ಉಬ್ಬಿಕೊಂಡು ಬೆಳೆದಿದ್ದರೆ ಭಾರದ ಮಷಿನ್‌ನ ಚಕ್ರ ಒಳಗೆ ಇಳಿದು ಡೆಕ್ ನೆಲ ಕೆರೆಯುತ್ತದೆ, ಕಂದು ಪಟ್ಟಿ ಬೀಳುತ್ತದೆ. ಮೊದಲ ಸಲ ಎತ್ತರ ಜಾಸ್ತಿ ಇಟ್ಟು ಕತ್ತರಿಸಿ, ಕೆಲವು ದಿನ ಬಿಟ್ಟು ಇಳಿಸಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಒಂದು ಸೆಟ್ ಬ್ಲೇಡ್ ಸಾಣೆ ಹಿಡಿದು ಎತ್ತಿಡಿ. ಸಾಣೆ ಆದಮೇಲೆ ಬ್ಲೇಡ್ ನಡುವಿನ ತೂತನ್ನು ಮೊಳೆಗೆ ಸಿಕ್ಕಿಸಿ ನೋಡಿ. ಒಂದು ಕಡೆ ವಾಲಿದರೆ ಆ ಕಡೆ ಇನ್ನಷ್ಟು ಉಜ್ಜಿ. ವಾಲಿದ ಬ್ಲೇಡು ಸ್ಪಿಂಡಲ್ ಬೇರಿಂಗ್ ತಿಂದುಹಾಕುತ್ತದೆ.

ಪೆಟ್ರೋಲ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ಪಂಪ್‌ಗಳಲ್ಲಿ ಈಗ ಬರುವುದು ಹೆಚ್ಚಾಗಿ ಇ20, ನೂರಕ್ಕೆ 20 ಪಾಲು ಎಥನಾಲ್. ಹೊರದೇಶದ ಎಷ್ಟೋ ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ 10 ಪಾಲಿಗಿಂತ ಹೆಚ್ಚು ಬೇಡ ಎಂದು ಬರೆದಿರುತ್ತಾರೆ. ನೀವು ನೋಡಿರುವ ಎಂಜಿನ್‌ಗೆ ಇ20 ನಡೆಯುತ್ತದೆ ಅಂತ ಡೀಲರ್ ಕೈಯಲ್ಲಿ ಬರೆಸಿಕೊಳ್ಳಿ. ಕ್ಯಾನ್‌ನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ, ಎಥನಾಲ್ ನೀರು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮಷಿನ್ ನಿಲ್ಲಿಸುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಓಡಿಸಿ.

ಇನ್ನೊಬ್ಬ ಸದಸ್ಯರು (ಮೈಸೂರು)

ಸರ್, ಹೊಸದರ ಬದಲು ಸೆಕೆಂಡ್ ಹ್ಯಾಂಡ್ ನೋಡಬಹುದಾ? ನನಗೆ ಒಂದು ರೆಸಾರ್ಟ್‌ನಿಂದ ಆಫರ್ ಬಂದಿದೆ. ಸ್ಟಾರ್ಟ್ ಮಾಡಿ ತೋರಿಸಿದರು, ಚೆನ್ನಾಗೇ ಓಡಿತು.

ಉತ್ತರ

ನೋಡಬಹುದು, ಆದರೆ ತಣ್ಣಗಿದ್ದಾಗ ನೋಡಿದರೆ ಸಾಲದು. ಹೈಡ್ರೋಸ್ಟ್ಯಾಟಿಕ್ ಗೇರ್ (ಎಣ್ಣೆಯ ಒತ್ತಡದಿಂದ ಚಕ್ರ ಓಡಿಸುವುದು) ಸವೆದಿದ್ದರೂ ತಣ್ಣಗಿದ್ದಾಗ ಚೆನ್ನಾಗೇ ಎಳೆಯುತ್ತದೆ. ಅರ್ಧ ಗಂಟೆ ಹುಲ್ಲು ಕತ್ತರಿಸಿ, ಎಣ್ಣೆ ಬಿಸಿಯಾದ ಮೇಲೆ ಏರು ಹತ್ತಿಸಿ. ಆಗ ಉಸಿರುಗಟ್ಟಿದರೆ ಬಿಟ್ಟುಬಿಡಿ. ಆ ಗೇರ್ ಬದಲಿಸುವ ಖರ್ಚು ಸಣ್ಣದಲ್ಲ. ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನೋಡಿ. ಎಂಜಿನ್ ನಿಲ್ಲಿಸಿ, ಪ್ಲಗ್ ವೈರ್ ತೆಗೆದು, ಬ್ಲೇಡ್ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಡಿದರೆ ಸ್ಪಿಂಡಲ್ ಹೋಗಿದೆ.

ಸೀಟಿನ ಕೆಳಗಿನ ಸ್ವಿಚ್ ಮರೆಯದೆ ನೋಡಿ. ಬ್ಲೇಡ್ ತಿರುಗುವಾಗ ಸೀಟಿನಿಂದ ಎದ್ದರೆ ಎಂಜಿನ್ ನಿಲ್ಲಲೇಬೇಕು. ಎಷ್ಟೋ ಕಡೆ ಅದಕ್ಕೆ ತಂತಿ ಸುತ್ತಿ ಕಟ್ಟಿರುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹುಲ್ಲು ಎಸೆಯುವ ಬಾಯಿಯ ಮುಚ್ಚಳವನ್ನೂ ಬಿಚ್ಚಬೇಡಿ. ಅಲ್ಲಿಂದ ಹಾರುವ ಜಲ್ಲಿ ಕಲ್ಲು ಕಣ್ಣು ತೆಗೆಯಬಲ್ಲದು, ಲೇಔಟ್‌ಗಳಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ.

ಕಾಂಟ್ರಾಕ್ಟರ್

ಕೊನೇ ಪ್ರಶ್ನೆ ಅಣ್ಣ. ಸಾಗಿಸಲು ನನ್ನ ಟಾಟಾ ಏಸ್ ಸಾಕಾ?

ಉತ್ತರ

42 ಇಂಚಿನದು ಇನ್ನೂರು ಕಿಲೋ ಆಸುಪಾಸು ಇರುತ್ತದೆ, ಭಾರಕ್ಕೆ ತೊಂದರೆ ಇಲ್ಲ. ತೊಟ್ಟಿ ಅಗಲಕ್ಕೆ ಬಾಯಿಯ ಮುಚ್ಚಳ ಮಡಚಿದರೆ ಕೂರುತ್ತದೆ. ಡೀಲರ್ ಹತ್ತಿರ ಗಾಡಿ ಒಯ್ದು ಹತ್ತಿಸಿಯೇ ನೋಡಿ. 48 ಇಂಚಿನದಾದರೆ ಇಕ್ಕಟ್ಟು. ಏರು ಹಲಗೆ ಎಂಟು ಅಡಿಗೆ ಕಮ್ಮಿ ಬೇಡ, ಮರದ ಪಟ್ಟಿ ಬೇಡ, ಕಬ್ಬಿಣದ್ದು ಮಾಡಿಸಿ. ಹತ್ತಿಸುವಾಗ ಬ್ಲೇಡ್ ಬಂದ್ ಇರಬೇಕು, ಹಿಂದೆ ಯಾರೂ ನಿಂತಿರಬಾರದು. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲನ್ನು ನಿಮ್ಮ ನಂಬರ್ ಹಾಕಿಸಿ ತಗೊಳ್ಳಿ, ಕಟ್ಟಿದ ತೆರಿಗೆಯ ಕ್ರೆಡಿಟ್ ಸಾಮಾನ್ಯವಾಗಿ ಸಿಗುತ್ತದೆ. ಕಾಲೇಜಿನವರಿಗೆ ಹೇಳಿ ಮೈದಾನದಲ್ಲೇ ಒಂದು ದಿನ ಡೆಮೋ ಕೇಳಿ. ಡೀಲರ್ ಒಪ್ಪದಿದ್ದರೆ ಇನ್ನೊಬ್ಬರನ್ನು ನೋಡಿ.