ಟಿಡಿಎಸ್ 420 ಇದ್ದರೂ ಮಿಸ್ಟರಿ ಸ್ನೇಲ್ ಚಿಪ್ಪು ತೆಳುವಾಗ್ತಿದೆ, ಯಾಕೆ?

ಎರಡಡಿ_ಟ್ಯಾಂಕ್:
ಎರಡಡಿ ಮೀನಿನ ಟ್ಯಾಂಕ್, ಮರಳು-ಕಲ್ಲು ಕಳೆದು ಸುಮಾರು 50 ಲೀಟರ್ ನೀರು. ಎಂಟು ಗಪ್ಪಿ ಮೀನು, ಮೂರು ಮಿಸ್ಟರಿ ಸ್ನೇಲ್ (ಟ್ಯಾಂಕಲ್ಲಿ ಸಾಕುವ ದೊಡ್ಡ ಬಸವನಹುಳು). ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು: ಟಿಡಿಎಸ್ 420, ಪಿಹೆಚ್ 7.8, ಅಮೋನಿಯಾ ಸೊನ್ನೆ. ಆದರೂ ಚಿಪ್ಪಿನ ಹೊಸ ಭಾಗ ಕಾಗದದಷ್ಟು ತೆಳು, ಅಂಚು ಮುರೀತಿದೆ. ಮೊಟ್ಟೆಸಿಪ್ಪೆ ಪುಡಿ ಎರಡು ಚಮಚ ಹಾಕಿ ತಿಂಗಳಾಯ್ತು, ತಳದಲ್ಲಿ ಹಾಗೇ ಬಿದ್ದಿದೆ. ಇಷ್ಟು ಗಡಸು ನೀರಲ್ಲಿ ಕ್ಯಾಲ್ಸಿಯಂ ಕೊರತೆ ಬರುತ್ತಾ? ಇನ್ನೊಂದು, ಗಾಜಿನ ತುಂಬಾ ಸಾಸಿವೆ ಗಾತ್ರದ ಬಸವನಹುಳು ಕಾಣ್ತಿವೆ. ಇವುಗಳದ್ದೇ ಮರಿಗಳಾ?

ಹಸಿರುಪಾಚಿ:
ಟಿಡಿಎಸ್ ನೋಡಿ ಗಡಸು ಅಂತ ತೀರ್ಮಾನಿಸಬೇಡಿ ಸರ್. ಆ ಮೀಟರ್ ನೀರಲ್ಲಿ ಒಟ್ಟು ಎಷ್ಟು ಲವಣ ಇದೆ ಅಂತ ಅಂದಾಜು ಹೇಳುತ್ತೆ, ಯಾವ ಲವಣ ಅಂತ ಹೇಳಲ್ಲ. ನಿಮ್ಮ ಅಪಾರ್ಟ್‌ಮೆಂಟಲ್ಲಿ ವಾಟರ್ ಸಾಫ್ಟ್‌ನರ್ ಇದೆಯಾ ವಿಚಾರಿಸಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ. ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತೆ, ಚಿಪ್ಪಿಗೆ ಬೇಕಾದ್ದು ಮಾತ್ರ ಹೋಗಿರುತ್ತೆ. ಸೋಪು ಹಚ್ಚಿದ ತಕ್ಷಣ ನೊರೆ ಬಂದು, ಎಷ್ಟು ತೊಳೆದರೂ ಕೈ ಜಾರುತ್ತಿದ್ದರೆ ಅನುಮಾನ ಪಡಿ. ಡ್ರಾಪ್ ಟೆಸ್ಟ್ ಕಿಟ್‌ನಲ್ಲಿ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ), ಕೆಎಚ್ (ಪಿಹೆಚ್ ಬೀಳದಂತೆ ತಡೆಯುವ ಕಾರ್ಬೊನೇಟ್‌ಗಳ ಅಳತೆ) ಎರಡನ್ನೂ ನೋಡಿ ಇಲ್ಲಿ ಹಾಕಿ.

ಎರಡಡಿ_ಟ್ಯಾಂಕ್:
ಸಾಫ್ಟ್‌ನರ್ ಇದೆ! ಜಿಎಚ್ 2, ಕೆಎಚ್ 13.

ಹಸಿರುಪಾಚಿ:
ಹಾಗಾದರೆ ಅದೇ. ಮಿಸ್ಟರಿ ಸ್ನೇಲ್‌ಗೆ ಜಿಎಚ್ 8ರ ಆಸುಪಾಸು ಇರಲಿ. ಮೊಟ್ಟೆಸಿಪ್ಪೆ ಯಾಕೆ ಕರಗಲಿಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ ಇದೆ: ಸಾಫ್ಟ್‌ನರ್ ಕೆಎಚ್ ಕಡಿಮೆ ಮಾಡಲ್ಲ, ಪಿಹೆಚ್ ಮೇಲೇ ಇರುತ್ತೆ. ಸಿಪ್ಪೆಯಲ್ಲಿರೋ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗೋದು ಹುಳಿ ನೀರಲ್ಲಿ. ಕೋರಲ್ ಪುಡಿ ಹಾಕಿದರೂ ನಿಮ್ಮಲ್ಲಿ ಇದೇ ಕಥೆ.

ಸುಲಭದ ದಾರಿ ಅಂದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರು. ತೋಟಕ್ಕೆ ಬಿಡುವ ನಲ್ಲಿಯಲ್ಲಿ ಅದು ಸಿಗಬಹುದು, ಪರೀಕ್ಷೆ ಮಾಡಿ ನೋಡಿ. ಉದಾಹರಣೆಗೆ ಅದರ ಜಿಎಚ್ 20 ಇದ್ದರೆ, ದಿನ ಬಿಟ್ಟು ದಿನ 6 ಲೀಟರ್ ತೆಗೆದು 6 ಲೀಟರ್ ಆ ನೀರು ಹಾಕಿ. ಮೂರು ಸಲಕ್ಕೆ ಟ್ಯಾಂಕ್ 2ರಿಂದ 4, 6, ಆಮೇಲೆ 7.7ರ ಹತ್ತಿರ ಬರುತ್ತೆ. ನಂತರ ವಾರದ ನೀರು ಬದಲಾವಣೆಗೆ ಒಂದು ಪಾಲು ತೋಟದ ನಲ್ಲಿ ನೀರು, ಎರಡು ಪಾಲು ಮನೆಯ ಸಾಫ್ಟ್‌ನರ್ ನೀರು. ಗಪ್ಪಿಗಳಿಗೂ ಗಡಸು ನೀರೇ ಇಷ್ಟ.

ಅಂಥ ನಲ್ಲಿ ಇಲ್ಲದಿದ್ದರೆ ಹೊಸ ನೀರಿನ 10 ಲೀಟರ್ ಬಕೆಟ್‌ಗೆ ಕ್ಯಾಲ್ಸಿಯಂಗೆ ಜಿಪ್ಸಮ್ 1.5 ಗ್ರಾಂ, ಮೆಗ್ನೀಸಿಯಂಗೆ ಎಪ್ಸಮ್ ಉಪ್ಪು ಅರ್ಧ ಗ್ರಾಂ: ಜಿಎಚ್ 6 ಡಿಗ್ರಿ ಏರುತ್ತೆ. ಜಿಪ್ಸಮ್ ಕರಗೋದು ನಿಧಾನ, ರಾತ್ರಿಯಿಡೀ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಓಡಿಸಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ತರಬೇಡಿ, ಗಟ್ಟಿಯಾಗಿ ಕೂರುತ್ತೆ. ಎಲೆಗೆ ಹಚ್ಚೋ ಸುಣ್ಣವಂತೂ ಬೇಡವೇ ಬೇಡ, ಪಿಹೆಚ್ ಒಮ್ಮೆಲೇ ಏರಿ ಮೀನೂ ಹೋಗ್ತವೆ.

ಹೀರೆಬಳ್ಳಿ:
ನೀರಿನ ಲೆಕ್ಕ ಒಪ್ಪಿದೆ, ಆದರೆ ಹೊಟ್ಟೆಗೆ ಹಾಕುವ ಕ್ಯಾಲ್ಸಿಯಂ ಮರೆಯಬೇಡಿ. ಸಿಪ್ಪೆ ಪುಡಿ ನೀರಲ್ಲಿ ಕರಗದಿದ್ದರೇನು, ತಿಂದರೆ ದಕ್ಕುತ್ತದೆ. ಬೇಯಿಸಿದ ಹುರುಳಿಕಾಯಿ ಮತ್ತು ಹೀರೆಕಾಯಿ 100 ಗ್ರಾಂ ರುಬ್ಬಿ, ಮೈದಾದಷ್ಟು ನುಣ್ಣಗೆ ಮಾಡಿದ ಸಿಪ್ಪೆ ಪುಡಿ ಒಂದು ಟೀ ಚಮಚ ಸೇರಿಸಿ. 100 ಮಿಲಿ ನೀರಲ್ಲಿ 2-3 ಗ್ರಾಂ ಚೈನಾಗ್ರಾಸ್ ಪೂರ್ತಿ ಕರಗುವ ತನಕ ಕುದಿಸಿ, ಬಿಸಿಯಿರುವಾಗಲೇ ಬೆರೆಸಿ ತಟ್ಟೆಗೆ ಸುರಿಯಿರಿ. ಉಪ್ಪು ಹಾಕಬಾರದು. ಹೆಬ್ಬೆರಳ ಉಗುರಿನಷ್ಟು ತುಂಡು ಮಾಡಿ ಫ್ರೀಜರ್‌ನಲ್ಲಿಡಿ, ದಿನ ಬಿಟ್ಟು ದಿನ ಒಂದೊಂದು ಕೊಡಿ. ಉಳಿದದ್ದನ್ನು 12 ಗಂಟೆಯೊಳಗೆ ತೆಗೆಯಿರಿ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಹಕ್ಕಿಗಳಿಗೆ ಕೊಡುವ ಸಮುದ್ರನೊರೆ ಒಂದು ತುಂಡು ಇಟ್ಟರೆ ಉಜ್ಜಿ ತಿನ್ನುತ್ತವೆ.

ಗಾಜಿನ ಮೇಲಿರುವುದು ಮಿಸ್ಟರಿ ಮರಿಗಳಾಗಿರಲಾರವು. ಮಿಸ್ಟರಿ ಸ್ನೇಲ್ ನೀರಿನ ಮಟ್ಟದಿಂದ ಮೇಲೆ, ಗಾಜಿಗೋ ಮುಚ್ಚಳಕ್ಕೋ ಗುಲಾಬಿ ಬಣ್ಣದ ಗೊಂಚಲಾಗಿ ಮೊಟ್ಟೆ ಅಂಟಿಸುತ್ತದೆ, ಕಣ್ಣಿಗೆ ಬೀಳದೆ ಇರದು. ನಿಮ್ಮವು ಗಿಡಗಳ ಜೊತೆ ಲೋಳೆ ಮೊಟ್ಟೆಯಾಗಿ ಬಂದ ಬ್ಲ್ಯಾಡರ್ ಅಥವಾ ರಾಮ್ಸ್‌ಹಾರ್ನ್ ಎಂಬ ಸಣ್ಣ ಜಾತಿಯ ಬಸವನಹುಳು ಇರಬೇಕು. ಅವು ಹೆಚ್ಚಿವೆ ಎಂದರೆ ಮೀನಿನ ಆಹಾರ ಮಿಗುತ್ತಿದೆ ಎಂದರ್ಥ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ, ರಾತ್ರಿ ಒಂದು ಸೌತೆಕಾಯಿ ಬಿಲ್ಲೆ ಇಟ್ಟು ಬೆಳಿಗ್ಗೆ ಮುತ್ತಿದವುಗಳ ಸಮೇತ ಎತ್ತಿ. ಔಷಧಿ ಹಾಕಿದರೆ ನಿಮ್ಮ ಮೂರೂ ಸಾಯುತ್ತವೆ, ಹುಳು ಕೊಲ್ಲುವುದು ಹೆಚ್ಚಾಗಿ ತಾಮ್ರವೇ. ಮೀನಿಗೆ ಔಷಧಿ ತಂದರೂ ಚೀಟಿಯಲ್ಲಿ ಕಾಪರ್ ಸಲ್ಫೇಟ್ ಇದೆಯಾ ನೋಡಿ.

ಎರಡಡಿ_ಟ್ಯಾಂಕ್:
ತೋಟದ ನಲ್ಲಿ ಜಿಎಚ್ 19. ಮುರಿದ ಅಂಚು ಮತ್ತೆ ಕೂಡುತ್ತಾ?

ಹಸಿರುಪಾಚಿ:
ಅಂಚಿನ ಬಿರುಕನ್ನು ಒಳಗಿಂದ ತಕ್ಕಮಟ್ಟಿಗೆ ತೇಪೆ ಹಾಕಿಕೊಳ್ತವೆ. ಸುರುಳಿಯ ತುದಿಯಲ್ಲಿ ಸವೆದು ಬೆಳ್ಳಗಾದದ್ದು ಹಾಗೇ ಉಳಿಯುತ್ತೆ, ಚಿಪ್ಪು ಬೆಳೆಯೋದು ಬಾಯಿಯಂಚಲ್ಲಿ ಮಾತ್ರ. ಇವತ್ತೇ ಒಂದು ಫೋಟೋ ತೆಗೆದಿಟ್ಟು ನಾಲ್ಕು ವಾರ ಬಿಟ್ಟು ಹೋಲಿಸಿ, ಹೊಸ ಪಟ್ಟಿ ದಪ್ಪಗೆ ನುಣುಪಾಗಿ ಬಂದಿದ್ದರೆ ಸಾಕು. ಅಲ್ಲಿವರೆಗೆ ಗಾಜಿನಿಂದ ಎಳೆದು ಕೀಳಬೇಡಿ. ಮುಚ್ಚಳದ ಕೆಳಗೆ ಎರಡು ಇಂಚು ಗಾಳಿ ಬಿಡಿ, ಅವು ಕೊಳವೆ ಚಾಚಿ ಉಸಿರಾಡ್ತವೆ.