ನೋಡ್.ಜೆಎಸ್: ಜೇಸನ್ ಫೈಲ್ ಓದಿದಾಗ ಕೆಲವೊಮ್ಮೆ ಖಾಲಿ ಸಿಗುತ್ತಿದೆ

ಪ್ರಶ್ನೆ
ನೋಡ್.ಜೆಎಸ್‌ನಲ್ಲಿ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ವ್ಯವಸ್ಥೆ) ಓಡುವ ನಮ್ಮ ಅಪ್ಲಿಕೇಶನ್ ದಾಸ್ತಾನಿನ ವಿವರಗಳನ್ನು ಒಂದು ಜೇಸನ್ (ಮಾಹಿತಿಯನ್ನು ಪಠ್ಯವಾಗಿ ಇಡುವ ಮಾದರಿ) ಫೈಲಿನಲ್ಲಿ ಇಡುತ್ತದೆ. ಬದಲಾವಣೆಗಳ ಪಟ್ಟಿಯ ಮೇಲೆ ಫಾರ್‌ಈಚ್ (ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಕರೆಯುವ ವಿಧಾನ) ನಡೆಸಿ, ಅದರೊಳಗಿನ ಅಸಿಂಕ್ ಫಂಕ್ಷನ್ನಿನಲ್ಲಿ ಫೈಲನ್ನು ಓದಿ, ತಿದ್ದಿ, ರೈಟ್‌ಫೈಲ್ ಮೂಲಕ ಮರಳಿ ಬರೆಯುತ್ತೇವೆ. ಓದುವಲ್ಲೂ ಬರೆಯುವಲ್ಲೂ ಅವೇಟ್ (ಕೆಲಸ ಮುಗಿಯುವವರೆಗೆ ಕಾಯುವ ಸೂಚನೆ) ಇದೆ. ಆದರೂ ಕೆಲವು ಬದಲಾವಣೆಗಳು ಉಳಿಯುವುದಿಲ್ಲ, ಆಗೊಮ್ಮೆ ಈಗೊಮ್ಮೆ ‘ಅನೆಕ್ಸ್‌ಪೆಕ್ಟೆಡ್ ಎಂಡ್ ಆಫ್ ಜೇಸನ್ ಇನ್‌ಪುಟ್’ ಎಂಬ ದೋಷವೂ ಬರುತ್ತದೆ. ಓದುವ ಮೊದಲು ಸೆಟ್‌ಟೈಮ್‌ಔಟ್‌ನಿಂದ 200 ಮಿಲಿಸೆಕೆಂಡ್ ತಡೆದರೆ ಲ್ಯಾಪ್‌ಟಾಪಿನಲ್ಲಿ ಸರಿಹೋಗುತ್ತದೆ, ಸರ್ವರಿನಲ್ಲಿ ಇಲ್ಲ. ಕಾರಣವೇನಿರಬಹುದು?

ಉತ್ತರ 1
ಫಾರ್‌ಈಚ್ ತನಗೆ ಕೊಟ್ಟ ಫಂಕ್ಷನ್ ಹಿಂದಿರುಗಿಸುವ ಪ್ರಾಮಿಸನ್ನು (ಮುಂದೆ ಮುಗಿಯಲಿರುವ ಕೆಲಸದ ಗುರುತು) ಗಮನಿಸುವುದೇ ಇಲ್ಲ. ಒಳಗಿನ ಅವೇಟ್ ಆ ಒಂದು ಕರೆಯನ್ನಷ್ಟೇ ತಡೆಯುತ್ತದೆ; ಅಷ್ಟರಲ್ಲಿ ಲೂಪ್ ಉಳಿದೆಲ್ಲ ಕರೆಗಳನ್ನೂ ಆರಂಭಿಸಿರುವುದರಿಂದ ಹಲವು ಕರೆಗಳು ಒಂದೇ ಹಳೆಯ ಪ್ರತಿಯನ್ನು ಓದಿ, ಒಂದು ಬರೆದುದನ್ನು ಇನ್ನೊಂದು ಅಳಿಸಿಬಿಡುತ್ತದೆ. ಒಂದು ಸುತ್ತಿನ ಅವೇಟ್ ಮುಗಿದ ಮೇಲಷ್ಟೇ ಮುಂದಿನದಕ್ಕೆ ಹೋಗುವ ಫಾರ್-ಆಫ್ ಲೂಪ್ ಬಳಸಿ. ಪ್ರಾಮಿಸ್.ಆಲ್ ಇಲ್ಲಿ ಉಪಯೋಗಕ್ಕೆ ಬಾರದು, ಏಕೆಂದರೆ ಅದು ಎಲ್ಲವೂ ಮುಗಿಯಲೆಂದು ಕಾಯುತ್ತದೆಯೇ ಹೊರತು ಕೆಲಸಗಳನ್ನು ಒಂದಾದ ಮೇಲೊಂದರಂತೆ ನಡೆಸುವುದಿಲ್ಲ. ಫೈಲ್ ಕೆಲಸಗಳು ನೋಡ್ ಒಳಗೆ ಬಳಸುವ ಲಿಬ್‌ಯುವಿ ಲೈಬ್ರರಿಯ ಥ್ರೆಡ್‌ಪೂಲಿಗೆ (ಏಕಕಾಲಕ್ಕೆ ಕೆಲಸ ಮಾಡುವ ಥ್ರೆಡ್‌ಗಳ ಗುಂಪು) ಹೋಗುತ್ತವೆ. ಬದಲಿಸದಿದ್ದರೆ ಅಲ್ಲಿರುವುದು 4 ಥ್ರೆಡ್‌ಗಳು, ಮೊದಲು ಕೊಟ್ಟದ್ದೇ ಮೊದಲು ಮುಗಿಯುವ ಖಾತ್ರಿಯಿಲ್ಲ.

ಉತ್ತರ 2
ಮೇಲಿನ ಉತ್ತರ ಸರಿ, ಆದರೆ ಖಾಲಿ ಫೈಲಿನ ತೊಂದರೆ ಅಷ್ಟಕ್ಕೇ ತೀರುವುದಿಲ್ಲ. ರೈಟ್‌ಫೈಲ್ ಫೈಲನ್ನು ತೆರೆಯುವಾಗಲೇ ಅದರ ಉದ್ದವನ್ನು ಸೊನ್ನೆಗೆ ಇಳಿಸಿ, ಆಮೇಲೆ ಬರೆಯುತ್ತದೆ. ಆ ಸಂದಿನಲ್ಲಿ ಬೇರೊಂದು ರಿಕ್ವೆಸ್ಟ್ ಓದಿದರೆ ಅದಕ್ಕೆ ಖಾಲಿ ಫೈಲೋ ಅರೆಬರೆ ಜೇಸನ್ನೋ ಸಿಗುತ್ತದೆ. ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಅದನ್ನು ಮೂಲ ಫೈಲಿನ ಹೆಸರಿಗೆ ರಿನೇಮ್ ಮಾಡಿ. ಲಿನಕ್ಸಿನಲ್ಲಿ ಓದುವವರಿಗೆ ಆಗ ಹಳೆಯ ಪ್ರತಿ ಇಲ್ಲವೇ ಹೊಸ ಪ್ರತಿ ಸಿಗುತ್ತದೆ, ನಡುವಿನ ಸ್ಥಿತಿ ಕಾಣದು. ಇದಲ್ಲದೆ ಓದಿ-ತಿದ್ದಿ-ಬರೆಯುವ ಇಡೀ ಕೆಲಸವನ್ನು, ಯಾವ ರಿಕ್ವೆಸ್ಟಿನಿಂದ ಬಂದರೂ, ಒಂದು ಮುಗಿದ ಮೇಲೆ ಇನ್ನೊಂದು ಆರಂಭವಾಗುವ ಒಂದೇ ಪ್ರಾಮಿಸ್ ಸರಣಿಗೆ ಜೋಡಿಸಿ; ಆ ಸರಣಿಯಲ್ಲಿ ಒಂದು ಕೆಲಸ ವಿಫಲವಾದರೆ ಮುಂದಿನವು ನಿಲ್ಲದಂತೆ ಕ್ಯಾಚ್ (ದೋಷವನ್ನು ಹಿಡಿಯುವ ಭಾಗ) ಹಾಕುವುದನ್ನು ಮರೆಯಬೇಡಿ. ಸೆಟ್‌ಟೈಮ್‌ಔಟನ್ನು ದಯವಿಟ್ಟು ತೆಗೆಯಿರಿ. ಅದರಿಂದ ದೋಷ ಅಪರೂಪವಾಗುತ್ತದೆ, ಹುಡುಕುವುದು ಮಾತ್ರ ಇನ್ನೂ ಕಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು
ಫಾರ್-ಆಫ್ ಹಾಕಿದ ಮೇಲೆ ಒಂದೇ ಪಟ್ಟಿಯ ಬದಲಾವಣೆಗಳು ಕಳೆದುಹೋಗುತ್ತಿಲ್ಲ. ತಾತ್ಕಾಲಿಕ ಫೈಲನ್ನು ‘ಟೆಂಪ್’ ಫೋಲ್ಡರಿನಲ್ಲಿ ಬರೆದೆ. ಸರ್ವರಿನಲ್ಲಿ ರಿನೇಮ್ ಮಾಡುವಾಗ ‘ಎಕ್ಸ್‌ಡೆವ್’ ದೋಷ ಬರುತ್ತಿದೆ.

ಉತ್ತರ 2
ಆ ಫೋಲ್ಡರ್ ಬೇರೆ ಫೈಲ್‌ಸಿಸ್ಟಮ್ಮಿನಲ್ಲಿದೆ. ಒಂದು ಫೈಲ್‌ಸಿಸ್ಟಮ್ಮಿನಿಂದ ಇನ್ನೊಂದಕ್ಕೆ ರಿನೇಮ್ ಮಾಡಲಾಗದು. ಮೂಲ ಫೈಲ್ ಇರುವ ಫೋಲ್ಡರಿನಲ್ಲಿಯೇ ತಾತ್ಕಾಲಿಕ ಫೈಲನ್ನೂ ಬರೆಯಿರಿ. ಸರ್ವರಿನಲ್ಲಿ ಒಂದಕ್ಕಿಂತ ಹೆಚ್ಚು ನೋಡ್ ಪ್ರೊಸೆಸ್‌ಗಳು ನಡೆಯುತ್ತಿದ್ದರೆ ಪ್ರಾಮಿಸ್ ಸರಣಿ ಸಾಲದು, ಏಕೆಂದರೆ ಒಂದರ ಸರಣಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಆಗ ಜೇಸನ್ ಫೈಲನ್ನು ಬಿಟ್ಟು ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಹೋಗುವುದೇ ಮೇಲು.