ಅಕ್ವೇರಿಯಂ ಗಿಡದ ಎಲೆ ಕರಗುತ್ತಿದೆ, ಕಿತ್ತು ಹಾಕಬೇಕಾ?

ಪ್ರಶ್ನೆ: ಎರಡು ಅಡಿ ಟ್ಯಾಂಕ್, ಬೋರ್‌ವೆಲ್ ನೀರು. ಕ್ರಿಪ್ಟೋಕೊರೈನ್, ಅನುಬಿಯಾಸ್, ವ್ಯಾಲಿಸ್ನೇರಿಯಾ ತಂದು ಸಣ್ಣ ಜಲ್ಲಿಯಲ್ಲಿ ನೆಟ್ಟೆ. ಲೈಟ್ ದಿನಕ್ಕೆ 12 ಗಂಟೆ. ಹತ್ತೇ ದಿನಕ್ಕೆ ಕ್ರಿಪ್ಟ್ ಎಲೆಗಳು ಲೋಳೆಯಾಗಿ ಕರಗುತ್ತಿವೆ. ಗಾಜಿನ ತುಂಬ ಪಾಚಿ. ಎಲ್ಲ ಕಿತ್ತು ಹೊಸದಾಗಿ ನೆಡಲಾ?

ಬೆಂಗಳೂರಿನಿಂದ: ದಯವಿಟ್ಟು ಕೀಳಬೇಡಿ. ಮೊದಲ ಸಲ ನಾನೂ ಹೆದರಿ ಕಿತ್ತಿದ್ದೆ. ನೋಡಿದರೆ ಬೇರು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಬದುಕಿದ್ದ ಗಿಡವನ್ನು ಸುಮ್ನೆ ಎಸೆದೆನಲ್ಲ ಅಂತ ಇವತ್ತಿಗೂ ಬೇಸರ ಆಗುತ್ತದೆ.

ನರ್ಸರಿಗಳಲ್ಲಿ ಕ್ರಿಪ್ಟ್‌ನಂಥ ಗಿಡಗಳನ್ನು ಹೆಚ್ಚಾಗಿ ನೀರಿನ ಮೇಲೆ ಬೆಳೆಸುತ್ತಾರೆ. ಬೇರು ಒದ್ದೆ, ಎಲೆ ಗಾಳಿಯಲ್ಲಿ. ಆ ಎಲೆ ನೀರೊಳಗೆ ಬಾಳುವುದಿಲ್ಲ. ಗಿಡ ಅದನ್ನು ಬಿಟ್ಟುಕೊಟ್ಟು, ನೀರಿಗೆ ಹೊಂದುವ ಎಲೆ ಹಾಕುತ್ತದೆ. ಕ್ರಿಪ್ಟ್ ಅಂತೂ ಜಾಗ ಬದಲಿಸಿದರೂ, ನೀರು ಬದಲಾದರೂ ಎಲೆ ಉದುರಿಸುವ ಗಿಡ. ಕೊಳೆತದ್ದನ್ನು ಮಾತ್ರ ಕತ್ತರಿಸಿ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡುತ್ತದೆ. ಬೇರು ಮುಟ್ಟಬೇಡಿ. ನನ್ನಲ್ಲಿ ಸುಮಾರು ನಾಲ್ಕು ವಾರಕ್ಕೆ ಹೊಸ ಚಿಗುರು ಬಂತು.

ನನಗೆ ಚಿಂತೆ ಇರುವುದು ಅನುಬಿಯಾಸ್ ಬಗ್ಗೆ. ಅದಕ್ಕೆ ಶುಂಠಿಯ ಹಾಗೆ ಅಡ್ಡಕ್ಕೆ ಬೆಳೆಯುವ ದಪ್ಪ ಕಾಂಡ ಇದೆ, ಅಲ್ವಾ? ಅದನ್ನು ಜಲ್ಲಿಯಲ್ಲಿ ಹೂತರೆ ಕೊಳೆಯುತ್ತದೆ. ಇದೊಂದನ್ನು ಮಾತ್ರ ಇವತ್ತೇ ಮೇಲೆತ್ತಿ, ಕಲ್ಲಿಗೋ ಕಟ್ಟಿಗೆಗೋ ಹತ್ತಿ ದಾರದಲ್ಲಿ ಕಟ್ಟಿ. ಬೇರು ತಾನೇ ಹಿಡಿದುಕೊಳ್ಳುತ್ತದೆ. ಜಾವಾ ಫರ್ನ್ ತಂದರೂ ಹೀಗೇ.

ಪಾಚಿ ಕಡಿಮೆಯಾಗಲು ಲೈಟ್ 6-7 ಗಂಟೆಗೆ ಇಳಿಸಿ, ಟೈಮರ್ ಹಾಕಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ.

ಶಿರಸಿಯಿಂದ: ಮೇಲಿನ ಮಾತು ನಿಜ. ಕ್ರಿಪ್ಟೋಕೊರೈನ್ ರೆಟ್ರೋಸ್ಪೈರಾಲಿಸ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ ಗಿಡ. ಮಳೆಗಾಲದಲ್ಲಿ ಮುಳುಗಿರುತ್ತದೆ, ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೇಲೆ ಬರುತ್ತದೆ. ಎಲೆ ಹೋದರೂ ಬೇರು ಕಾಯುತ್ತದೆ. ಅದರ ಬದುಕೇ ಹಾಗೆ.

ಬರೀ ಜಲ್ಲಿಯಲ್ಲಿ ಆಹಾರ ಇಲ್ಲ. ಕ್ರಿಪ್ಟ್, ವ್ಯಾಲಿಸ್ನೇರಿಯಾ ಎರಡೂ ಬೇರಿನಿಂದ ಜಾಸ್ತಿ ಉಣ್ಣುವ ಗಿಡಗಳು. ಬುಡದ ಹತ್ತಿರ ಗೊಬ್ಬರದ ಗುಳಿಗೆ ಆಳವಾಗಿ ಒತ್ತಿ. ವ್ಯಾಲಿಸ್ನೇರಿಯಾಗೆ ಬೋರ್‌ವೆಲ್‌ನ ಗಡಸು ನೀರು ಚೆನ್ನಾಗಿ ಒಗ್ಗುತ್ತದೆ. ಎಲೆ ಹೊರಡುವ ಬುಡ ಮಾತ್ರ ಜಲ್ಲಿಯ ಮೇಲಿರಲಿ. ಒಮ್ಮೆ ನೆಲೆಯಾದರೆ ಒಂದೆಲಗದ ಹಾಗೆ ಬಳ್ಳಿ ಬಿಟ್ಟು ಹಬ್ಬುತ್ತದೆ.

ಮಂಗಳೂರಿನಿಂದ: ಪಾಚಿ ಹತೋಟಿಗೆ ಬರುವವರೆಗೆ ನಾಲ್ಕು ಅಂತರಗಂಗೆ ತೇಲಿಬಿಡಿ. ಪಾಚಿಗೆ ಆಹಾರವಾಗುವ ನೈಟ್ರೇಟನ್ನು ನೀರಿನಿಂದ ಹೀರುತ್ತದೆ, ನೆರಳೂ ಆಗುತ್ತದೆ. ಅರ್ಧ ಮೇಲ್ಮೈ ಖಾಲಿ ಇರಲಿ. ಹೆಚ್ಚಾದದ್ದನ್ನು ದಯಮಾಡಿ ಕೆರೆಗೆ, ಚರಂಡಿಗೆ ಹಾಕಬೇಡಿ. ಕೆರೆಯನ್ನೇ ಮುಚ್ಚಿಬಿಡುತ್ತದೆ. ಬಿಸಿಲಲ್ಲಿ ಒಣಗಿಸಿ ಕಾಂಪೋಸ್ಟ್ ಮಾಡಿ.

ಅಂದಹಾಗೆ, ಅನುಬಿಯಾಸ್ ಎತ್ತಿದಾಗ ಕಾಂಡ ಒತ್ತಿ ನೋಡಿ. ಮೆತ್ತಗಾಗಿ ವಾಸನೆ ಬಂದರೆ ಆ ತುಂಡು ಕತ್ತರಿಸಿ, ಗಟ್ಟಿ ಇರುವುದನ್ನು ಕಟ್ಟಿ. ಎಷ್ಟು ಉಳಿಯಿತು ಅಂತ ಹೇಳಿ.